ಭಯಾನಕ ರಸ: ಎರಡು ಚಿತ್ರಗಳು

ಪಾಶ್ಚಾತ್ಯರಿಗೆ ಅಕ್ಟೋಬರ್ 31ರ ಹ್ಯಾಲೋವೀನ್ ಇದ್ದಂತೆ ನಮಗೆ ಮಹಾಲಯ ಅಮಾವಾಸ್ಯೆ. ಆ ದಿನಗಳಲ್ಲಿ ದೂರದರ್ಶನದಲ್ಲಿ ದೆವ್ವದ ಚಿತ್ರ ನೋಡಿದ ನಮ್ಮ ಸೊರಡಿಯ ಮಕ್ಕಳು ಮರುದಿನ ಕೇಳುವ ಪ್ರಶ್ನೆ ಒಂದೇ: “ಗುರುಗಳ, ದೆವ್ವ ಖರೇನ ಇರತಾವೇನ್ರೀ?”

ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಎಣಿಸಿದ್ದಾನೆ. ಆದುದರಿಂದ ಭಯಪಡಿಸುವುದು ದೋಷವಲ್ಲ; ಆ ಭಯವು ನೋಡುಗನನ್ನು ಎಲ್ಲಿಗೆ ಒಯ್ಯುತ್ತದೆಂಬುದೇ ವಿಚಾರಣೀಯ.

ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ನಾಯಕನನ್ನು ಪ್ರೇತವು ಹಿಡಿಯುತ್ತದೆ. ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಬಿಡುಗಡೆ. ಅನಂತನಾಗರ ಅಭಿನಯವು ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಇಲ್ಲಿ ಪ್ರೇತವು ನಿಜವೆಂದೇ ಕಥೆಯ ನಿಲುವು.

ಪಿ. ವಾಸು ಅವರ ‘ಆಪ್ತಮಿತ್ರ’ (2004) ಮಲಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರದಿಂದ ಬಂದುದು. ನಾಗವಲ್ಲಿಯು ಪ್ರೇತವಲ್ಲ, ಗಂಗೆಯ ಮನೋರೋಗವೆಂದು ವೈದ್ಯನಾದ ವಿಷ್ಣುವರ್ಧನರು ಕಂಡುಹಿಡಿಯುತ್ತಾರೆ. ಸೌಂದರ್ಯ ಅವರ ಕಣ್ಣುಗಳಲ್ಲಿ ಭಯಕ್ಕಿಂತ ನೋವು ಹೆಚ್ಚು. ನಡುನಡುವೆ ಸುಳಿಯುವ ಭಾರಿ ಹಾವು ಮಾತ್ರ ಈ ವಿವೇಕಕ್ಕೆ ಒಪ್ಪದು.

ಮಹಾರಾಷ್ಟ್ರವು 2013ರಲ್ಲಿ ಅಮಾನುಷ ಮಾಟಮಂತ್ರಗಳನ್ನು ಕಾಯಿದೆಯಿಂದ ನಿಷೇಧಿಸಿತು. ಆದರೂ ಅಸ್ವಸ್ಥಳಾದ ಸೊಸೆಯನ್ನು ಆಸ್ಪತ್ರೆಗಿಂತ ಮೊದಲು ದೆವ್ವ ಬಿಡಿಸುವವನ ಬಳಿಗೆ ಒಯ್ಯುವ ಮನೆಗಳುಂಟು. ಮೊದಲನೆಯ ಚಿತ್ರವನ್ನು ಅಭಿನಯಕ್ಕಾಗಿ ನೋಡೋಣ. ಮಕ್ಕಳ ಪ್ರಶ್ನೆಗೆ ಉತ್ತರವು ಎರಡನೆಯದರಲ್ಲಿದೆ.