ಎಷ್ಟು ಅಂತ ಹೇಳಿದ್ರಿ, ಯಾಕೆ ಅಂತ ಹೇಳಲಿಲ್ಲ

ಸಿನಿಮಾಗೆ ವಿಮರ್ಶೆ ಇದೆ, ಕಾದಂಬರಿಗೆ ಇದೆ, ಮೊನ್ನೆ ಮಾರ್ಕೆಟ್ಟಿಗೆ ಬಂದ ಫೋನಿಗೂ ಇದೆ. ಅಡುಗೆಯ ರೆಸಿಪಿಗೆ ಮಾತ್ರ ಇಲ್ಲ. ನೋಡ್ತೀವಿ, "ಸೂಪರ್" ಅಂತೀವಿ, ಸೇವ್ ಮಾಡಿಟ್ಕೋತೀವಿ. ಮಾಡಿದ್ದು ಕೆಟ್ಟರೆ ರೆಸಿಪಿಯನ್ನ ಬೈಯಲ್ಲ, ನಮ್ಮ ಕೈಗುಣವೇ ಸರಿ ಇಲ್ಲ ಅಂದ್ಕೊಂಡು ಸುಮ್ಮನಾಗ್ತೀವಿ. ನಾನೂ ಹಾಗೇ ಸುಮ್ಮನಿದ್ದೆ. ಹೋದ ವರ್ಷದ ಯುಗಾದಿ ಆದ್ಮೇಲೆ ಸುಮ್ಮನಿರೋದು ಬಿಟ್ಟೆ.

ನಮ್ಮೂರು ಬ್ಯಾಡಗಿ. ಆಫೀಸಿನಲ್ಲಿ ಊರು ಹೇಳಿದ ತಕ್ಷಣ "ಓ, ಭಯಂಕರ ಖಾರ ಅಲ್ವಾ?" ಅಂತಾರೆ. ಅಲ್ಲ. ಅದು ಖಾರ ಕಡಿಮೆ, ಬಣ್ಣ ಜಾಸ್ತಿ ಇರೋ ಮೆಣಸಿನಕಾಯಿ. ಇದನ್ನ ಬೆಂಗಳೂರಿನಲ್ಲಿ ಏಳು ವರ್ಷದಿಂದ ಹೇಳ್ತಾ ಬಂದಿದ್ದೀನಿ. ಅಂಥಾ ನಾನೇ, ಹೋದ ಯುಗಾದಿಗೆ ಅಪ್ಪ-ಅವ್ವ ನನ್ನ ಫ್ಲ್ಯಾಟಿಗೆ ಬಂದಾಗ, ಹೋಳಿಗೆ ಮತ್ತು ಕಟ್ಟಿನ ಸಾರು ನಾನೇ ಮಾಡ್ತೀನಿ ಅಂತ ಹಟ ಹಿಡಿದು ಎರಡನ್ನೂ ಕೆಡಿಸಿದೆ. ಅವ್ವನನ್ನ ಅಡುಗೆಮನೆ ಹೊರಗೆ ಕೂರಿಸಿ, ಫೋನಿನಲ್ಲಿ ಮೂರು ರೆಸಿಪಿ ತೆರೆದಿಟ್ಟುಕೊಂಡು ಮಾಡಿದ್ದು. ಅವುಗಳ ಹೆಸರು ಬೇಡ. ಯಾವುದನ್ನ ತೆರೆದ್ರೂ ಹೆಚ್ಚುಕಡಿಮೆ ಅದೇ ಇರುತ್ತೆ.

ಮೊದಲು ಸಾರಿನ ಕಥೆ. ರೆಸಿಪಿಯಲ್ಲಿ ಇದ್ದದ್ದು: "ಬ್ಯಾಡಗಿ ಮೆಣಸಿನಕಾಯಿ 8. ಇಲ್ಲದಿದ್ದರೆ ಯಾವುದೇ ಒಣಮೆಣಸಿನಕಾಯಿ." ನಾಚಿಕೆ ಬಿಟ್ಟು ಹೇಳ್ತೀನಿ, ಬ್ಯಾಡಗಿ ಮಗಳ ಮನೆಯಲ್ಲಿ ಅವತ್ತು ಬ್ಯಾಡಗಿ ಮೆಣಸಿನಕಾಯಿ ಖಾಲಿ. ಕೆಳಗಿನ ಅಂಗಡಿಯಲ್ಲಿ ಗುಂಟೂರು ಸಿಕ್ಕಿತು. ಎಂಟು ಹಾಕಿದೆ. ಅಪ್ಪ ಒಂದು ತುತ್ತು ತಿಂದು ನೀರಿನ ತಂಬಿಗೆ ಹುಡುಕಿದರು. ಮರುದಿನ ಅದೇ ರೆಸಿಪಿಗೆ ಎರಡೇ ಹಾಕಿ ನೋಡಿದೆ. ಖಾರ ಸರಿಯಾಯ್ತು, ಆದರೆ ಸಾರು ಬೆಳ್ಳಗೆ, ನೀರು ನೀರಾಗಿ ಬಂತು.

ಯಾಕೆ ಹೀಗಾಯ್ತು? ಆ ಎಂಟು ಮೆಣಸಿನಕಾಯಿ ಅಲ್ಲಿ ಮೂರು ಕೆಲಸ ಮಾಡ್ತಿದ್ದವು. ಒಂದು, ಖಾರ ಕೊಡೋದು, ಅದೂ ಸ್ವಲ್ಪವೇ. ಎರಡು, ಬಣ್ಣ ಕೊಡೋದು. ಮೂರನೇದು ಯಾರೂ ಹೇಳಲ್ಲ: ಮಸಾಲೆಗೆ ಮೈ ಕೊಡೋದು. ಖಾರ ಕಡಿಮೆ ಇರೋದರಿಂದ ಎಂಟು-ಹತ್ತು ಕಾಯಿ ಹಾಕಿ ರುಬ್ಬಬಹುದು, ಅಷ್ಟು ಸಿಪ್ಪೆ ರುಬ್ಬಿದಾಗ ಸಾರಿಗೆ ಒಂದು ಗಟ್ಟಿತನ ಬರುತ್ತೆ. ಗುಂಟೂರು ಎರಡೇ ಹಾಕಿದರೆ ಮೊದಲ ಕೆಲಸ ಮಾತ್ರ ಆಗುತ್ತೆ. ಬ್ಯಾಡಗಿ ಸಿಗದಿದ್ದರೆ ಹತ್ತಿರದ್ದು ಕಾಶ್ಮೀರಿ ಮೆಣಸಿನಕಾಯಿ, "ಯಾವುದೇ ಒಣಮೆಣಸಿನಕಾಯಿ" ಅಲ್ಲ. ಇನ್ನೊಂದು ವಿಷಯ: ಮೆಣಸಿನಕಾಯಿಯ ಬಣ್ಣವೂ ಖಾರವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತವೆ. ಅದಕ್ಕೇ ನಮ್ಮವರು ಮೆಣಸಿನಕಾಯಿಯನ್ನ ಎಣ್ಣೆಯಲ್ಲಿ ಹುರಿದು ರುಬ್ಬೋದು. "ಆಯಿಲ್ ಫ್ರೀ" ಮಾಡ್ತೀನಿ ಅಂತ ಹಸಿಯಾಗಿ ರುಬ್ಬಿದರೆ ಕೆಂಪು ಎಲ್ಲಿಂದ ಬರಬೇಕು?

"ಯಾವುದೇ ಒಣಮೆಣಸಿನಕಾಯಿ" ಅನ್ನೋ ಎರಡು ಪದ ನನಗೆ ಚುಚ್ಚೋದಕ್ಕೆ ಊರಿನ ಕಾರಣವೂ ಇದೆ. ಸೋಮವಾರ, ಗುರುವಾರ ನಮ್ಮಲ್ಲಿ ಮೆಣಸಿನಕಾಯಿ ಮಾರ್ಕೆಟ್. ಸೀಸನ್ನಿನಲ್ಲಿ ಬಸ್ಸಿಂದ ಇಳಿದ ಕೂಡಲೇ ಸೀನು ಶುರು. ಹೆಂಗಸರು ದಿನಗಟ್ಟಲೆ ಕೂತು ತೊಟ್ಟು ಬಿಡಿಸ್ತಾರೆ, ಸಂಜೆ ಹೊತ್ತಿಗೆ ಕೈಯೆಲ್ಲಾ ಉರಿ. ಕಡ್ಡಿ, ಡಬ್ಬಿ ಅಂತ ಎರಡು ಬಗೆ: ಕಡ್ಡಿ ಉದ್ದಕ್ಕೆ ತೆಳ್ಳಗೆ, ಡಬ್ಬಿ ಗಿಡ್ಡಕ್ಕೆ ದಪ್ಪಗೆ, ಎರಡಕ್ಕೂ ಮೈತುಂಬ ಸುಕ್ಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಈಗ ಮಾರ್ಕೆಟ್ಟಿಗೆ ಬರೋದೆಲ್ಲ ಆ ತಳಿಯಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಹೈಬ್ರಿಡ್ ಕಾಯಿಯೂ ಲಾರಿಗಟ್ಟಲೆ ಬರುತ್ತೆ. 2024ರ ಮಾರ್ಚ್‌ನಲ್ಲಿ ದರ ದಿಢೀರ್ ಬಿದ್ದಾಗ ರೈತರ ಸಿಟ್ಟು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬೀಳೋ ತನಕ ಹೋಯ್ತು. ಯಾವ ಕಾಯಿಗೆ ಏನು ಬೆಲೆ ಅನ್ನೋದು ಅಲ್ಲಿ ಒಂದು ಮನೆಯ ಇಡೀ ವರ್ಷದ ಲೆಕ್ಕ. ನಮ್ಮ ರೆಸಿಪಿಯಲ್ಲಿ ಅದು "ಯಾವುದಾದ್ರೂ ನಡಿಯುತ್ತೆ" ಆಗಿಬಿಡುತ್ತೆ.

ಇನ್ನು ಹೋಳಿಗೆ. ಇದರಲ್ಲಿ ಎರಡು ಸಲ ಬಿದ್ದೆ.

ಮೊದಲನೇದು ಬೇಳೆ. "ಕುಕ್ಕರಿನಲ್ಲಿ 3 ವಿಸಿಲ್" ಅಂತ ಇತ್ತು. ಯಾರ ಕುಕ್ಕರು? ಎಷ್ಟು ಲೀಟರಿಂದು? ಬೇಳೆ ನೆನೆಸಿದ್ದೋ ಇಲ್ಲವೋ? ನನ್ನ ಬೇಳೆ ಮೂರು ವಿಸಿಲಿಗೆ ಗಂಜಿಯಾಯ್ತು. ಬೇಳೆ ಕರಗಿದರೆ ಕಟ್ಟು ತಿಳಿಯಾಗಿ ಬಸಿಯೋದಿಲ್ಲ, ಹೂರಣದಲ್ಲಿ ನೀರು ಉಳೀತದೆ, ಲಟ್ಟಿಸುವಾಗ ಹೋಳಿಗೆ ಹರೀತದೆ. ಒಂದು ತಪ್ಪು ಸಂಖ್ಯೆ, ಸಾರು-ಹೋಳಿಗೆ ಎರಡೂ ಹಾಳು. ಅಲ್ಲಿ ಬರೀಬೇಕಿದ್ದದ್ದು ಇಷ್ಟೇ: ಬೇಳೆ ನೋಡೋಕೆ ಇಡಿಯಾಗಿರಬೇಕು, ಎರಡು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು.

ಎರಡನೇದು ಬರೀ ರುಚಿಯ ಮಾತಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಹಬ್ಬದ ದಿನ ಹೋಳಿಗೆ ಇಲ್ಲ ಅಂದ್ರೆ ಮುಖ ಸಣ್ಣದು ಮಾಡ್ಕೋತಾರೆ. ಹುಡುಕಿದಾಗ "ಶುಗರ್ ಫ್ರೀ ಹೋಳಿಗೆ, ಡಯಾಬಿಟಿಸ್ ಇರೋರೂ ನಿಶ್ಚಿಂತೆಯಿಂದ ತಿನ್ನಿ" ಅನ್ನೋ ವಿಡಿಯೋ ಸಿಕ್ಕಿತು. ಸಕ್ಕರೆ ಬದಲು ಸಾವಯವ ಬೆಲ್ಲ, ಜೊತೆಗೆ ಖರ್ಜೂರ. ನಾನು ಓದಿದವಳು, ದಿನವಿಡೀ ಡೇಟಾ ನೋಡೋಳು. ಆದ್ರೂ ಆ ಹೊತ್ತಿಗೆ ನಂಬಬೇಕು ಅನ್ನಿಸಿತು, ನಂಬಿದೆ. ಅಪ್ಪ "ಇದ್ರಾಗ ಸಕ್ರಿ ಇಲ್ಲಂದಿ ಹೌದಿಲ್ಲೋ?" ಅಂತ ಕೇಳಿ ಕೇಳಿ ನಾಲ್ಕು ತಿಂದರು. ಎರಡು ತಾಸು ಬಿಟ್ಟು ಚೆಕ್ ಮಾಡಿದರೆ ಮುನ್ನೂರರ ಹತ್ತಿರ ಇತ್ತು. ಅವ್ವ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯ್ತು.

ಬೆಲ್ಲ ಅಂದ್ರೆ ಕಬ್ಬಿನ ಹಾಲು ಕುದಿಸಿ ಗಟ್ಟಿ ಮಾಡಿದ್ದು, ಅದರಲ್ಲಿ ಬಹುಪಾಲು ಸಕ್ಕರೆಯೇ. ಖರ್ಜೂರದ ಸಿಹಿಯೂ ಸಕ್ಕರೆಯದ್ದೇ. ಬೆಲ್ಲದ ಪರಿಮಳಕ್ಕೆ ಸಾಟಿ ಇಲ್ಲ, ಅದಕ್ಕಾಗಿ ಹಾಕಿ. ಆದರೆ "ಸಕ್ಕರೆ ಇಲ್ಲ" ಅಂತ ಬರೀಬೇಡಿ. ಖಾರ ಹೆಚ್ಚಾದ್ರೆ ನೀರು ಕುಡಿದ್ರಾಯ್ತು. ಈ ಸುಳ್ಳಿನ ಬೆಲೆ ಬೇರೆಯವರ ಮೈ ಕಟ್ಟುತ್ತೆ.

ಹಾಗಂತ ಬೆಲ್ಲವನ್ನ ಅರ್ಧಕ್ಕೆ ಇಳಿಸಿದರೆ? ಅದನ್ನೂ ಮಾಡಿ ನೋಡಿದೆ. ಹೋಳಿಗೆಯಲ್ಲಿ ಬೆಲ್ಲದ ಕೆಲಸ ಬರೀ ಸಿಹಿ ಮಾಡೋದಲ್ಲ. ಅದು ನೀರಿನಂಶ ಹಿಡಿದಿಟ್ಟು ಹೂರಣವನ್ನ ಮೆತ್ತಗಿಡುತ್ತೆ. ಅರ್ಧ ಮಾಡಿದ್ರೆ ಹೂರಣ ಒಣಗಿ ಬಿರುಕು ಬಿಡುತ್ತೆ, ಬಾಯಲ್ಲಿ ಬೇಳೆ ಬೇಳೆ ಅನ್ನಿಸುತ್ತೆ. ಒಂದು ಲೋಟ ಬೇಳೆಗೆ ಮುಕ್ಕಾಲು ಲೋಟ ಬೆಲ್ಲ: ಅಲ್ಲಿ ತನಕ ಇಳಿಸಬಹುದು, ಚಿಟಿಕೆ ಉಪ್ಪು, ಏಲಕ್ಕಿ ಸ್ವಲ್ಪ ಮುಂದೆ ಇದ್ದರೆ ಗೊತ್ತೇ ಆಗಲ್ಲ. ಏಲಕ್ಕಿ ಬೆಳೆಯದಿದ್ದರೂ ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿ ಜಿಲ್ಲೆಯವಳು ನಾನು, ಏಲಕ್ಕಿ ಬಗ್ಗೆ ಇಷ್ಟಾದ್ರೂ ಹೇಳಬಹುದು. ಅದಕ್ಕಿಂತ ಹೆಚ್ಚು ಕಡಿಮೆ ಮಾಡಬೇಕು ಅಂದ್ರೆ ಬೆಲ್ಲದಲ್ಲಲ್ಲ, ಹೋಳಿಗೆಯ ಗಾತ್ರದಲ್ಲಿ ಮಾಡಿ.

ಇಷ್ಟು ಹೇಳಿದ್ರೆ ಒಂದು ಪಕ್ಷದವರು ತಕ್ಷಣ ಕೇಳ್ತಾರೆ: "ಯಾಕೆ ಬದಲಾಯಿಸಬೇಕು? ಒರಿಜಿನಲ್ ಹೇಗಿದೆಯೋ ಹಾಗೇ ಮಾಡಿ." ಒರಿಜಿನಲ್ ಯಾವುದು ಸ್ವಾಮಿ? ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಸಸ್ಯಾಹಾರದ ಅಡುಗೆಯೇ ಅದರ ವಿಷಯ. ಆ ಪುಸ್ತಕದಲ್ಲಿ ಮೆಣಸಿನಕಾಯಿ ಇಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ, ಯಾಕಂದ್ರೆ ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗಿನ ಕಾಲದಲ್ಲಿ ನಮ್ಮ ಕಡೆ ಬಂದದ್ದು. ಆಗ ಖಾರ ಅಂದ್ರೆ ಕರಿಮೆಣಸು. ಹೊಸ ಕಾಯಿ ಬಂದಾಗ ನಮ್ಮವರು ಅದರಲ್ಲೂ ಮೆಣಸಿನ ಕೆಲಸ ನಡೆಯುತ್ತೆ ಅಂತ ಕಂಡುಕೊಂಡು 'ಮೆಣಸಿನಕಾಯಿ' ಅಂತ ಹೆಸರಿಟ್ಟರು. ಶೇಂಗಾ ಹೋಳಿಗೆಯ ಶೇಂಗಾ ಕೂಡ ಅದೇ ಕಡೆಯಿಂದ ಬಂದದ್ದು. ನಮ್ಮ ಊರಿಗೆ ಹೆಸರು ತಂದ ಬೆಳೆಯೇ ಒಂದು ಕಾಲದ ಬದಲಿ ಸಾಮಾನು. ಹಾಗಾಗಿ ಬದಲಾಯಿಸೋದು ತಪ್ಪಲ್ಲ. ಕೆಲಸ ಗೊತ್ತಿಲ್ಲದೆ ಆಳು ಬದಲಾಯಿಸೋದು ತಪ್ಪು.

ನ್ಯಾಯವಾಗಿ ಅವ್ವನ ರೆಸಿಪಿಯನ್ನೂ ವಿಮರ್ಶೆ ಮಾಡಬೇಕು. ಫೋನ್ ಮಾಡಿ "ಬೆಲ್ಲ ಎಷ್ಟಬೇ?" ಅಂದ್ರೆ "ಹಿಡಿಸಿದಷ್ಟು." "ಕಣಕಕ್ಕ ನೀರು?" "ಹಿಟ್ಟು ಬೇಡಿದಷ್ಟು." "ಬ್ಯಾಳಿ ಎಷ್ಟೊತ್ತು ಕುದಿಸ್ಲಿ?" "ಕುದಿಯೂ ತನಾ ಕುದಿಸು." ಇದನ್ನ ಕೇಳಿ ನಾವೆಲ್ಲ ನಗ್ತೀವಿ, ಸ್ಟೇಟಸ್ ಹಾಕ್ತೀವಿ, ಅಮ್ಮಂದಿರ ಮ್ಯಾಜಿಕ್ ಅಂತೀವಿ. ಮ್ಯಾಜಿಕ್ ಅಲ್ಲ. ಅವಳು ಹೇಳ್ತಿರೋದು ಗಡಿಯಾರ ನೋಡಬೇಡ, ಪಾತ್ರೆ ನೋಡು ಅಂತ. ತತ್ವ ಸರಿಯೇ ಇದೆ. ಆದರೆ ಪಾತ್ರೆಯಲ್ಲಿ ಏನು ನೋಡಬೇಕು ಅಂತ ಹೇಳಲ್ಲ. ಅವಳಿಗೆ ಅದನ್ನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಜ್ಜಿಯ ಪಕ್ಕ ನಿಂತು ನೋಡಿ ಕಲಿತಳು. ನಾನು ಪಕ್ಕದಲ್ಲಿ ನಿಲ್ಲಲಿಲ್ಲ. ಪಿಯುಸಿ, ಇಂಜಿನಿಯರಿಂಗ್, ಹಾಸ್ಟೆಲ್ಲು, ಆಮೇಲೆ ಈ ಊರು. ಪಕ್ಕದಲ್ಲಿ ನಿಲ್ಲದೇ ಇದ್ದೋರಿಗೋಸ್ಕರವೇ ಅಲ್ವಾ ರೆಸಿಪಿ ಬರೆಯೋದು? ಒಂದು ಕಡೆ ಬರೀ ಲೆಕ್ಕ, ಇನ್ನೊಂದು ಕಡೆ ಬರೀ ಹದ. ಎರಡರಲ್ಲೂ 'ಯಾಕೆ' ಇಲ್ಲ.

ಈಗ ನಾನು ಯಾವ ರೆಸಿಪಿ ನೋಡಿದ್ರೂ ಮೂರು ಪ್ರಶ್ನೆ ಕೇಳ್ತೀನಿ. ಈ ಸಾಮಾನು ಇಲ್ಲಿ ಯಾವ ಕೆಲಸಕ್ಕೆ ಬಂದಿದೆ? ಆಯ್ತು ಅಂತ ಗೊತ್ತಾಗೋ ಗುರುತು ಏನು? ಇದು ಏನಲ್ಲವೋ ಅದನ್ನ ಇದು ಅಂತ ಹೇಳ್ತಿದೆಯಾ? ಮೂರಕ್ಕೂ ಉತ್ತರ ಇರೋ ರೆಸಿಪಿಯಲ್ಲಿ ಸಾಮಾನು ಬದಲಾಯಿಸಿದರೂ ಅಡುಗೆ ನಿಲ್ಲುತ್ತೆ. ಉತ್ತರ ಇಲ್ಲದಿದ್ದರೆ ಫೋಟೋ ಎಷ್ಟೇ ಚೆಂದ ಇರಲಿ, ಮುಚ್ಚಿಬಿಡ್ತೀನಿ.

ಈ ವರ್ಷ ಯುಗಾದಿಗೆ ಮತ್ತೆ ನಾನೇ ಮಾಡಿದೆ. ಅವ್ವನನ್ನ ಹೊರಗೆ ಕೂರಿಸಲಿಲ್ಲ. ಮೊದಲೇ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ, ಹೀಗೆ:

ಕಡಲೆಬೇಳೆ 1 ಲೋಟ, ನೀರು 4 ಲೋಟ, ಕುಕ್ಕರ್ ಬೇಡ, ತೆರೆದ ಪಾತ್ರೆ. ನೀರು ಜಾಸ್ತಿ ಯಾಕಂದ್ರೆ ಅದೇ ಕಟ್ಟು, ಸಾರಿಗೆ ಬೇಕು. ಬೇಳೆ ಬೆರಳಲ್ಲಿ ಹಿಟ್ಟಾದ್ರೆ ಬಸಿ. ಬೆಲ್ಲ ಮುಕ್ಕಾಲು ಲೋಟ. ಬೆಲ್ಲ ಕರಗಿದಾಗ ತೆಳ್ಳಗಾಗುತ್ತೆ, ಹೆದರಬೇಡ. ಸೌಟು ತಾನೇ ನಿಂತರೆ ಇಳಿಸು, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತೆ. ಕಣಕಕ್ಕೆ ಮೈದಾ ಬದಲು ಜರಡಿ ಹಿಡಿದ ಗೋಧಿ ಹಿಟ್ಟು. ತೌಡು ಉಳಿದರೆ ಹರಿಯುತ್ತೆ, ಅದಕ್ಕೇ ಜರಡಿ. ಎಣ್ಣೆ ಹಚ್ಚಿ ಒಂದು ತಾಸು ಬಿಡು, ಎಳೆದರೆ ರಬ್ಬರಿನಂಗೆ ವಾಪಸ್ ಹೋಗಬಾರದು. ಸಾರಿಗೆ ಬ್ಯಾಡಗಿ 8, ಎಣ್ಣೆಯಲ್ಲಿ ಹುರಿದದ್ದು. ಇದು ಬಣ್ಣಕ್ಕೆ ಮತ್ತು ಗಟ್ಟಿತನಕ್ಕೆ. ಖಾರ ಬೇಕಾದ್ರೆ ಮಾತ್ರ ಗುಂಟೂರು 1. ಒಂದು ಚಮಚ ಹೂರಣ ಸಾರಿಗೂ, ಹುಣಸೆಹಣ್ಣಿನ ಹುಳಿ ಸಮ ಮಾಡೋಕೆ. ಕೊನೆಗೆ ದಪ್ಪ ಅಕ್ಷರದಲ್ಲಿ: ಇದು ಸಿಹಿ ತಿಂಡಿಯೇ. ಅಪ್ಪನಿಗೆ ಅಂಗೈಯಷ್ಟು ಅಗಲದ್ದು ಒಂದು, ಅನ್ನ ಅಷ್ಟು ಕಡಿಮೆ.

ಅವ್ವ ಕನ್ನಡಕ ಹಾಕ್ಕೊಂಡು ಇಡೀ ಹಾಳೆ ಓದಿದಳು. "ಇಷ್ಟ ಬರಿಯೂದು ಎದಕ ಬೇಕಿತ್ತವಾ, ನನ್ನ ಕೇಳಿದ್ರ ಹೇಳ್ತಿದ್ನೆಲ್ಲಾ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಬ್ಯಾಳಿ ಹಳೇದೋ ಹೊಸಾದೋ ನೋಡಬೇಕಂತ ಬರದಿಲ್ಲ ನೋಡು. ಹಳೇ ಬ್ಯಾಳಿ ಜಲ್ದಿ ಕುದಿಯಂಗಿಲ್ಲ" ಅಂದಳು. ಪೆನ್ನು ತಗೊಂಡು ಬೇಳೆಯ ಪಕ್ಕ ಅದನ್ನೂ ಸೇರಿಸಿದೆ. ಅಪ್ಪ ತಮ್ಮ ಒಂದು ಹೋಳಿಗೆಯನ್ನ ತುಪ್ಪ ಹಚ್ಚಿ ನಿಧಾನಕ್ಕೆ ತಿಂದು ಮುಗಿಸಿ, ಬುಟ್ಟಿ ಕಡೆ ನೋಡಿದರು, ಫ್ರಿಜ್ಜಿನ ಕಡೆ ನೋಡಿದರು, ಇನ್ನೊಂದು ಸೌಟು ಸಾರು ಹಾಕಿಸ್ಕೊಂಡರು.