ಪಚ್ಚೀಸೂ ಲೂಡೋವೂ

ಹಳೆಯ ಆಟಕ್ಕೆ ಹೊಸ ರೂಪ ಕೊಡುವವರು ಅದರ ಮನೆಗಳನ್ನೂ ಕಾಯಿಗಳನ್ನೂ ಉಳಿಸಿದರೆ ಸಾಲದು, ಜೀವಾಳವನ್ನು ಉಳಿಸಬೇಕು. ನಮ್ಮ ಪಚ್ಚೀಸು 19ನೆಯ ಶತಮಾನದ ಕೊನೆಗೆ ಇಂಗ್ಲಂಡದಲ್ಲಿ ಲೂಡೋ ಆಯಿತು. 2016ರಿಂದ ‘ಲೂಡೋ ಕಿಂಗ್’ ಎಂಬ ಹೆಸರಿನಲ್ಲಿ ಮೊಬೈಲನ್ನೂ ಹೊಕ್ಕಿತು.

ಪಚ್ಚೀಸಿನಲ್ಲಿ ಇದಿರುಬದಿರು ಕುಳಿತವರಿಬ್ಬರು ಒಂದೇ ಪಕ್ಷದವರು. ಜೊತೆಗಾರನ ಕಾಯಿಗಳು ಹಣ್ಣಾಗದೆ ತನಗೂ ಗೆಲವಿಲ್ಲ. ಲೂಡೋ ಈ ಕೂಟವನ್ನೊಡೆದು ಪ್ರತಿಯೊಬ್ಬನನ್ನೂ ಒಂಟಿಗನನ್ನಾಗಿ ಮಾಡಿತು.

ಎರಡನೆಯ ನಷ್ಟ ಕವಡೆಯದು. 6 ಕವಡೆಗಳೂ ಬೋರಲಾಗಿ ಬಿದ್ದರೆ 25; ಆಟಕ್ಕೆ ಹೆಸರು ಬಂದದ್ದೇ ಅದರಿಂದ. ಎರಡು ಮಗ್ಗಲೂ ಸಮವೆಂದು ಹಿಡಿದರೆ ಅದು 64 ಎಸೆತಗಳಿಗೊಮ್ಮೆ ಬೀಳುವಂಥದು. ದಾಳದಲ್ಲಾದರೋ 1 ಬೀಳುವಷ್ಟೇ ಸಲ 6 ಬೀಳುವದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಪಡಸಾಲೆಗಳಲ್ಲಿ ಚೌಕಾಬಾರವಾಡಿದವರು ಈ ಮರ್ಮವನ್ನು ಬಲ್ಲರು: ಅಲ್ಲಿ 4 ಕವಡೆಗಳಿಂದ ಚೌಕವೂ ಬಾರವೂ ಬೀಳುವದು ಅಪರೂಪ, ಆದುದರಿಂದಲೇ ಆ ಕೇಕೆ.

ದೂರದೂರಿನ ಮಕ್ಕಳು ತಾಯಿತಂದೆಗಳೊಡನೆ ಆಡಬಲ್ಲರೆಂಬುದು ಮೊಬೈಲಿನ ದೊಡ್ಡ ಗುಣ. 2020ರ ಲಾಕ್‌ಡೌನ್ ಕಾಲದಲ್ಲಿ ಅದರ ಬೆಲೆ ಎಲ್ಲರಿಗೂ ತಿಳಿಯಿತು. ದೂರವನ್ನು ಗೆದ್ದ ಯಂತ್ರಕ್ಕೆ ಕವಡೆಯ ಲೆಕ್ಕವು ಅಸಾಧ್ಯವಲ್ಲ. ಅದನ್ನೂ ಜೊತೆಗಾರಿಕೆಯನ್ನೂ ಮರಳಿ ತರುವವರೆಗೆ ಲೂಡೋ ಚೆಲುವಾದ ಆಟವೆನಿಸೀತು; ಪಚ್ಚೀಸಿನ ಪುನರ್ಜನ್ಮವೆನಿಸಲಾರದು.