ಮೂಕ ತಟ್ಟೆ

ಹಳೇ ನಾಟಕ ಕಂಪನಿಗಳ ಕರಪತ್ರ, ಫೋಟೋ, ಗ್ರಾಮಫೋನ್ ತಟ್ಟೆ ಕೂಡಿಡುವ ಹವ್ಯಾಸದವರು ನಮ್ಮ ಕಡೆಗೂ ಬರ್ತಾರೆ. ಒಳ್ಳೇ ಕೆಲಸವೇ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಸಂಬಳಕ್ಕೆ ಬಣ್ಣ ಹಚ್ಚಿ ಊರೂರು ತಿರುಗಿದ ಆ ನಟರ ಗುರುತು ಉಳಿಯಬೇಕು. ಆದರೆ ಕೂಡಿಡುವ ರೀತಿಗೆ ನನ್ನ ತಕರಾರು ಐತಿ.

ಅವರು ಮೊದಲು ನೋಡೋದು ಗೀರು ಬಿದ್ದೈತೋ ಇಲ್ಲೋ, ಇಂಥದ್ದು ಇನ್ನೆಷ್ಟು ಉಳಿದಾವು ಅಂತ. ಹಾಡಿನ ಮಾತು ಕಡೀಗೆ. ಅಮೆರಿಕದಲ್ಲೂ ಇದೇ ಕತೆ. ಅಲ್ಲಿ ಬೇಸ್‌ಬಾಲ್ ಅನ್ನೋ ಚೆಂಡು-ದಾಂಡಿನ ಆಟ ಐತಿ. 1909ರಿಂದ 1911ರ ತನಕ ಸಿಗರೇಟು ಪೊಟ್ಟಣದೊಳಗೆ ಆಟಗಾರರ ಚಿತ್ರದ ಚೀಟಿ ಇಡ್ತಿದ್ದರು. ಹೋನಸ್ ವ್ಯಾಗ್ನರ್ ಎಂಬಾತನ ಒಂದು ಚೀಟಿ 2022ರಲ್ಲಿ 72 ಲಕ್ಷ ಡಾಲರು ದಾಟಿತು! ಆತ ದೊಡ್ಡ ಆಟಗಾರನೇ, ಆದರೆ ಅಷ್ಟು ಬೆಲೆ ಬಂದದ್ದು ಚೀಟಿ ವಿರಳ ಅಂತ.

ಚೀಟಿಯನ್ನ ನೋಡಿಯಾದರೂ ಖುಷಿಪಡಬಹುದು. ಅರಗಿನ ತಟ್ಟೆಯನ್ನ ಗಾಜಿನ ಬೀರುವಿನಲ್ಲಿಟ್ಟರೆ ಏನು ಬಂತು? 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡಿದರು. (ಆಕೆ ತೀರಿಕೊಂಡದ್ದು ಮೈಸೂರಲ್ಲಿ, 1930ರಲ್ಲಿ.) ಒಂದು ಮಗ್ಗುಲಿಗೆ ಮೂರು ನಿಮಿಷ ಅಷ್ಟೇ. ಅದರೊಳಗೇ ರಾಗ ಎತ್ತಬೇಕು, ತಾನ ಹೊಡೀಬೇಕು, ಕೊನೆಗೆ ತನ್ನ ಹೆಸರೂ ಕೂಗಬೇಕು. ಒಂದು ಪದಕ್ಕೆ ಅರ್ಧ ತಾಸು ತಗೊಳ್ಳೋ ನನ್ನಂಥವನಿಗೆ ಆ ಇಕ್ಕಟ್ಟು ಏನಂತ ತಿಳೀತದ. ಕಲಾವಿದೆಯ ಜಾಣತನ ಇರೋದೇ ಆ ಇಕ್ಕಟ್ಟಿನಲ್ಲಿ. ಅದು ಕೇಳಿದರೆ ಮಾತ್ರ ಸಿಗೋದು, ಚೀಟಿ ಓದಿದರೆ ಅಲ್ಲ. ಬಹಳ ತಟ್ಟೆಗಳ ಮ್ಯಾಲೆ ಹಾರ್ಮೋನಿಯಂ, ತಬಲಾದವರ ಹೆಸರೂ ಇರೋದಿಲ್ಲ.

ಬಾರಿಸಿದರೆ ಸವೀತದ ಅಂತಾರೆ. ನಿಜ, ಉಕ್ಕಿನ ಮುಳ್ಳು ಗೆರೆ ತಿಂತದ. ಹಂಗಾದರೆ ಹೊಸ ಮುಳ್ಳು ಹಾಕಿ ಒಂದೇ ಸಲ ಬಾರಿಸಿ ಮೊಬೈಲಿಗೆ ತುಂಬಿಕೊಳ್ಳಲಿ, ಆಮೇಲೆ ತಟ್ಟೆ ಮಲಗಲಿ. ಯಾರ ಮನೆಯಿಂದ ಬಂತು, ಆ ಮನೇಲಿ ಯಾರು ಹಾಡ್ತಿದ್ದರು ಅನ್ನೋದನ್ನೂ ಲಕೋಟೆ ಮ್ಯಾಲೆ ಬರೀಲಿ.

ಆಸ್ಪರಿಯವರಿಗೆ ಇದು ಇನ್ನೂ ಜರೂರು. 1953ರಲ್ಲಿ ಬಳ್ಳಾರಿ ಮೈಸೂರು ಕಡೆ ಹೋತು, ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ನಮ್ಮ ಅಟ್ಟದ ಮ್ಯಾಲಿನ ಬಯಲಾಟದ ಪ್ರತಿಗಳು ಕನ್ನಡದಾಗ ಅದಾವು, ಮೊಮ್ಮಕ್ಕಳು ತೆಲುಗು ಸಾಲಿಗೆ ಹೋಗ್ತಾರೆ. ಓದಲಾರದ ಕಾಗದ ತಕ್ಕಡಿಗೆ ಹೋಗ್ತದ, ಇಲ್ಲಾ ದೂರದವರ ಬೀರುವಿಗೆ. ಎರಡು ಕಡೆಯೂ ಮೂಕವೇ.

ನನ್ನ ಹತ್ತಿರದ ಎರಡು ಪ್ರತಿ ಈ ವಾಚನಾಲಯದಲ್ಲಿ ಇಡ್ತೀನಿ. ಮೇಷ್ಟ್ರು ಹುಡುಗರನ್ನ ಕರಕೊಂಡು ಬರಲಿ. ಅಕ್ಷರ ಅವರು ಹೇಳಿಕೊಡಲಿ, ಧಾಟಿ ನಾನು ಹೇಳ್ತೀನಿ.